ಮೊಟ್ಟೆಯ ಮೇಲಿನ ರುಜು

ಆಫ್ರಿಕದ ಜಾಂಬಿಯಾದಲ್ಲಿ ಪ್ರಿನಿಯಾ ಎಂಬ ಪುಟ್ಟ ಹಕ್ಕಿಯ ಹತ್ತಾರು ಗೂಡುಗಳಲ್ಲಿನ ಮೊಟ್ಟೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಅವೆಲ್ಲ ಒಂದೇ ಜಾತಿಯ ಹಕ್ಕಿಯವೆಂದು ನಂಬುವುದು ಕಷ್ಟ. ಒಂದು ಗೂಡಿನವು ತಿಳಿನೀಲಿ, ಇನ್ನೊಂದರವು ಕೆಂಪು ಛಾಯೆಯವು, ಮತ್ತೊಂದರವು ಬಿಳಿ, ಮಗದೊಂದರವು ಆಲಿವ್ ಹಸಿರು. ಮೇಲೆ ಚುಕ್ಕೆ, ಮಚ್ಚೆ, ಶಾಯಿಯಲ್ಲಿ ಗೀಚಿದಂಥ ಸುರುಳಿ ಗೆರೆಗಳು. ಆದರೆ ಒಂದೇ ಹೆಣ್ಣಿನ ಮೊಟ್ಟೆಗಳು ಮಾತ್ರ ಎರಕ ಹೊಯ್ದಂತೆ ಒಂದನ್ನೊಂದು ಹೋಲುತ್ತವೆ, ಮತ್ತು ಆ ಹೆಣ್ಣು ಜೀವಮಾನವಿಡೀ ಅದೇ ಬಗೆಯ ಮೊಟ್ಟೆಯನ್ನೇ ಇಡುತ್ತದೆ. ಹೀಗಾಗಿ ಈ ಚಿತ್ತಾರವನ್ನು ಹಕ್ಕಿಯ ರುಜು ಎನ್ನುವುದೇ ಸರಿ.

ರುಜು ಬೇಕಾದದ್ದು ಕಳ್ಳಸಹಿ ಹಾಕುವವರು ಇರುವುದರಿಂದ. ಕುಕ್ಕೂ ಫಿಂಚ್ ಎಂಬ ಹಕ್ಕಿ ತಾನು ಗೂಡು ಕಟ್ಟದೆ ಪ್ರಿನಿಯಾದ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮೊಟ್ಟೆಗಳಲ್ಲೂ ಕೆಂಪು, ನೀಲಿ, ಬಿಳಿ ಬಗೆಗಳಿವೆ. ಬಣ್ಣ ಅಥವಾ ಚಿತ್ತಾರ ತಾಳೆಯಾಗದಿದ್ದರೆ ಪ್ರಿನಿಯಾ ಅದನ್ನು ಹೊರಗೆಸೆಯುತ್ತದೆ. ಒಬ್ಬಳೇ ಕಳ್ಳಿ ಎಲ್ಲರ ರುಜುವನ್ನೂ ನಕಲು ಮಾಡಲಾರಳು, ಏಕೆಂದರೆ ಅವಳ ಮೊಟ್ಟೆಯೂ ಆಯುಷ್ಯವಿಡೀ ಒಂದೇ ಬಗೆಯದು. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫಿಂಚ್‌ಗಳಲ್ಲಿ ಮೊಟ್ಟೆಯ ಬಣ್ಣ ತಾಯಿಯಿಂದ ಮಗಳಿಗೆ ಮಾತ್ರ ಇಳಿದುಬರುತ್ತದೆ. ತಂದೆ ಯಾರೇ ಆಗಿರಲಿ ನಕಲು ಕೆಡುವುದಿಲ್ಲ ಎಂಬುದು ಇದರ ಲಾಭ. ಆದರೆ ಪ್ರಿನಿಯಾಗಳು ತಂದೆತಾಯಿ ಇಬ್ಬರ ಜೀನುಗಳನ್ನೂ ಬೆರೆಸಿ ಹೊಸ ಬಣ್ಣ ಹುಟ್ಟಿಸಬಲ್ಲವು, ಫಿಂಚ್‌ಗಳಿಗೆ ಆ ದಾರಿ ಮುಚ್ಚಿದೆ. ಆಲಿವ್ ಹಸಿರಿನ ನಕಲು ಅವುಗಳಿಗೆ ಇನ್ನೂ ದಕ್ಕದಿರುವುದಕ್ಕೆ ಇದೇ ಕಾರಣ ಎನ್ನಲಾಗಿದೆ. ಜಾಣತನದಿಂದ ಗಳಿಸಿದ್ದೇ ಕಾಲಿಗೆ ತೊಡಕಾದ ಇಂಥ ನಿದರ್ಶನ ಜೀವವಿಕಾಸದಲ್ಲಿ ಅಪರೂಪವೇನಲ್ಲ, ಆದರೆ ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಕಡಿಮೆ.

ಯುರೋಪಿನ ಕುಕ್ಕೂ ಕೋಗಿಲೆಗಳಲ್ಲೂ ಬೇರೆಬೇರೆ ಹೆಣ್ಣುಕುಲಗಳು ಬೇರೆಬೇರೆ ಆತಿಥೇಯ ಹಕ್ಕಿಗಳ ಮೊಟ್ಟೆಯನ್ನು ಅನುಕರಿಸುತ್ತವೆ. ಡನಕ್ ಎಂಬ ಹಕ್ಕಿಯ ವಿಷಯದಲ್ಲಿ ಮಾತ್ರ ಅನುಕರಣೆಯ ಗೋಜೇ ಇಲ್ಲ: ಅಚ್ಚನೀಲಿ ಮೊಟ್ಟೆಗಳ ನಡುವೆ ಕೋಗಿಲೆಯ ಮಚ್ಚೆಮಚ್ಚೆ ಮೊಟ್ಟೆ ಎದ್ದು ಕಾಣುತ್ತಿದ್ದರೂ ಡನಕ್ ಅದಕ್ಕೆ ಕಾವು ಕೊಡುತ್ತದೆ. ಬಹುಶಃ ಅದು ಈ ಪೈಪೋಟಿಗೆ ಇತ್ತೀಚೆಗಷ್ಟೇ ಇಳಿದ ಹಕ್ಕಿ.

ಪೈಪೋಟಿ ನಿಂತರೆ ಏನಾಗುತ್ತದೆ? ಆಫ್ರಿಕದ ಒಂದು ಜಾತಿಯ ಗೀಜಗವನ್ನು ಮನುಷ್ಯರು 1886ರಲ್ಲಿ ಮಾರಿಷಸ್‌ಗೂ, ಅದಕ್ಕೂ ಮೊದಲೇ ಹಿಸ್ಪಾನಿಯೋಲಾ ದ್ವೀಪಕ್ಕೂ ಒಯ್ದರು. ತವರಿನಲ್ಲಿ ಕಾಡುತ್ತಿದ್ದ ಕೋಗಿಲೆ ಅಲ್ಲಿರಲಿಲ್ಲ. ಡೇವಿಡ್ ಲಾಟಿ ಎಂಬ ಸಂಶೋಧಕರು ಪರಿಶೀಲಿಸಿದಾಗ, ಆ ದ್ವೀಪಗಳಲ್ಲಿ ಒಂದು ಹೆಣ್ಣಿನ ಮೊಟ್ಟೆಗೂ ಇನ್ನೊಂದರದ್ದಕ್ಕೂ ಇರುವ ವ್ಯತ್ಯಾಸ ತಗ್ಗಿತ್ತು, ಒಂದೇ ಗೂಡಿನ ಮೊಟ್ಟೆಗಳ ನಡುವಿನ ಹೋಲಿಕೆಯೂ ಸಡಿಲಗೊಂಡಿತ್ತು. ಆದರೆ ಪರಕೀಯ ಮೊಟ್ಟೆಯನ್ನು ಗುರುತಿಸುವ ಕಣ್ಣು ಮಂಕಾಗಿರಲಿಲ್ಲ. ಹಿಸ್ಪಾನಿಯೋಲಾದ ಗೀಜಗಗಳು ತಮ್ಮದಲ್ಲದ ಮೊಟ್ಟೆಯನ್ನು ಕಡಿಮೆ ಬಾರಿ ಎಸೆಯುತ್ತಿದ್ದವೆಂದರೆ, ಅದು ರುಜುಗಳೇ ಒಂದರಂತೊಂದು ಆಗಿಬಿಟ್ಟಿದ್ದರಿಂದ.