ಹದಿನೆಂಟು ತುಂಬಿದ್ದು ಯಾವ ದಿನಕ್ಕೆ?

2023ರ ಮಾರ್ಚ್ 27ರಂದು ಭಾರತದ ಸುಪ್ರೀಂ ಕೋರ್ಟ್ ಒಬ್ಬ ಮರಣದಂಡನೆ ಕೈದಿಯನ್ನು ಬಿಡುಗಡೆ ಮಾಡಿತು. ಆತನನ್ನು ಉಳಿಸಿದ್ದು ರಾಜಸ್ಥಾನದ ಸರ್ಕಾರಿ ಶಾಲೆಯೊಂದರ ದಾಖಲಾತಿ ಪುಸ್ತಕ. 1994ರಲ್ಲಿ ಪುಣೆಯಲ್ಲಿ ಐವರು ಮಹಿಳೆಯರು ಮತ್ತು ಇಬ್ಬರು ಮಕ್ಕಳ ಕೊಲೆ ನಡೆದಾಗ ಆತನಿಗೆ ಹನ್ನೆರಡೂವರೆ ವರ್ಷವಾಗಿತ್ತೆಂದು ಅದರಲ್ಲಿದ್ದ ಜನ್ಮದಿನಾಂಕ ತೋರಿಸುತ್ತಿತ್ತು. ವಿಚಾರಣೆಯ ಕಡತಗಳಲ್ಲಿ ಆತನ ಹೆಸರೂ ಬೇರೆ, ವಯಸ್ಸೂ ಬೇರೆ. ಅದೇ ನ್ಯಾಯಾಲಯ 2000ದಲ್ಲಿ ಆತನ ಗಲ್ಲುಶಿಕ್ಷೆಯನ್ನು ಎತ್ತಿಹಿಡಿದಿತ್ತು. ಹೊರಬರುವ ವೇಳೆಗೆ ಆತ ಜೈಲಿನಲ್ಲಿ 28 ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದ. ಬಾಲಕರಿಗೆ ಮರಣದಂಡನೆ ವಿಧಿಸಬಾರದೆಂಬ ಕಾನೂನು ಆ ಕಾಲದುದ್ದಕ್ಕೂ ಜಾರಿಯಲ್ಲಿತ್ತು. ಆದ್ದರಿಂದ ಈ ಕಾನೂನುಗಳ ಚರಿತ್ರೆಯನ್ನು ನೋಡುವಾಗ ವಯೋಮಿತಿ ಎಷ್ಟು ಎಂಬುದರ ಜೊತೆಗೆ, ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕುತ್ತಾರೆ, ಯಾವ ಆಧಾರದ ಮೇಲೆ ನಂಬುತ್ತಾರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯಲ್ಲಿ ಏಳು ವರ್ಷದೊಳಗಿನ ಮಗು ಅಪರಾಧವೆಸಗಲು ಸಾಧ್ಯವೇ ಇಲ್ಲವೆಂದು ಭಾವಿಸಲಾಗುತ್ತಿತ್ತು. ಏಳರಿಂದ ಹದಿನಾಲ್ಕರ ನಡುವಿನ ಮಗುವಿಗೆ ತನ್ನ ಕೃತ್ಯದ ಕೆಡುಕು ತಿಳಿದಿತ್ತೆಂದು ಸಾಬೀತಾದರೆ ದೊಡ್ಡವರಿಗೆ ಕೊಡುವ ಶಿಕ್ಷೆಯನ್ನೇ ಕೊಡಬಹುದಿತ್ತು. 1908ರ ಮಕ್ಕಳ ಕಾಯ್ದೆ 16ರೊಳಗಿನವರಿಗೆ ಗಲ್ಲನ್ನು ನಿಷೇಧಿಸಿತು, 1933ರ ಕಾಯ್ದೆ ಅದನ್ನು 18ಕ್ಕೆ ಏರಿಸಿತು. ಆದರೆ ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು ಎಂದು ಖಚಿತವಾಗಲು 1948ರವರೆಗೆ ಕಾಯಬೇಕಾಯಿತು. ನಾಲ್ಕು ವರ್ಷಗಳ ನಂತರ ಕ್ರಾಯ್ಡನ್‌ನ ಗೋದಾಮೊಂದರ ಚಾವಣಿಯ ಮೇಲೆ ಪೊಲೀಸ್ ಪೇದೆಯೊಬ್ಬರನ್ನು ಗುಂಡಿಟ್ಟು ಕೊಂದ ಕ್ರಿಸ್ಟೋಫರ್ ಕ್ರೇಗ್‌ಗೆ 16 ವರ್ಷ; ಆತ ಉಳಿದ. ಗುಂಡು ಹಾರಿಸದ, ಆ ಹೊತ್ತಿಗಾಗಲೇ ಪೊಲೀಸರ ವಶದಲ್ಲಿದ್ದ ಜೊತೆಗಾರ ಡೆರೆಕ್ ಬೆಂಟ್ಲಿಗೆ 19 ವರ್ಷ. ಅವನನ್ನು 1953ರ ಜನವರಿಯಲ್ಲಿ ನೇಣಿಗೇರಿಸಲಾಯಿತು. ಬೆಂಟ್ಲಿಯ ಮೇಲಿನ ತೀರ್ಪನ್ನು 1998ರಲ್ಲಿ ರದ್ದುಪಡಿಸಲಾಯಿತು. ವಯೋಮಿತಿ ಒಬ್ಬನನ್ನು ಸರಿಯಾಗಿಯೇ ಕಾಪಾಡಿತ್ತು. ಇನ್ನೊಬ್ಬನ ವಿಷಯದಲ್ಲಿ ತಪ್ಪಾಗಿದ್ದು ಮರಣದಂಡನೆಯೇ ಎಂದು ನನಗನ್ನಿಸುತ್ತದೆ.

ಅಮೆರಿಕದ ದಾರಿ ಇನ್ನೂ ಉದ್ದವಾಗಿತ್ತು. 1944ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಇಬ್ಬರು ಬಿಳಿಯ ಬಾಲಕಿಯರನ್ನು ಕೊಂದ ಆರೋಪ ಹೊತ್ತ ಕಪ್ಪು ಬಾಲಕ ಜಾರ್ಜ್ ಸ್ಟಿನ್ನಿಗೆ ಕೇವಲ ಹದಿನಾಲ್ಕು ವರ್ಷ. ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು, ಬಿಳಿಯರಷ್ಟೇ ಇದ್ದ ಜ್ಯೂರಿ ಸುಮಾರು ಹತ್ತು ನಿಮಿಷದಲ್ಲಿ ತೀರ್ಮಾನಕ್ಕೆ ಬಂದಿತು, ಮೇಲ್ಮನವಿಯನ್ನು ಯಾರೂ ಸಲ್ಲಿಸಲಿಲ್ಲ. ಬಂಧನವಾಗಿ ಮೂರು ತಿಂಗಳು ತುಂಬುವ ಮೊದಲೇ, ದೊಡ್ಡವರಿಗಾಗಿ ಮಾಡಿದ್ದ ವಿದ್ಯುತ್ ಕುರ್ಚಿಯಲ್ಲಿ ಆ ಪುಟ್ಟ ದೇಹವನ್ನು ಕೂರಿಸಿ ಕೊಲ್ಲಲಾಯಿತು. ಆ ತೀರ್ಪು ಅಸಿಂಧುವೆಂದು ನ್ಯಾಯಾಧೀಶರೊಬ್ಬರು ಹೇಳಿದ್ದು 2014ರಲ್ಲಿ, ಎಪ್ಪತ್ತು ವರ್ಷಗಳ ಮೇಲೆ. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 16ಕ್ಕಿಂತ ಕೆಳಗಿನವರನ್ನು ಮರಣದಂಡನೆಯಿಂದ ಹೊರಗಿಟ್ಟಿತಾದರೂ, ಮರುವರ್ಷವೇ 16 ಮತ್ತು 17ರ ಹರೆಯದವರಿಗೆ ಅದನ್ನು ವಿಧಿಸಬಹುದೆಂದು ಹೇಳಿತು. ಹದಿಹರೆಯದವರ ವ್ಯಕ್ತಿತ್ವ ಇನ್ನೂ ರೂಪುಗೊಳ್ಳುತ್ತಿರುತ್ತದೆ, ಅವರು ಒತ್ತಡಕ್ಕೆ ಸುಲಭವಾಗಿ ಮಣಿಯುತ್ತಾರೆ ಎಂಬ ಕಾರಣ ಕೊಟ್ಟು 2005ರ ಮಾರ್ಚ್ 1ರಂದು ಐದಕ್ಕೆ ನಾಲ್ಕು ಮತಗಳಿಂದ ಗಡಿಯನ್ನು 18ಕ್ಕೆ ನಿಲ್ಲಿಸಿದಾಗ, 70ಕ್ಕೂ ಹೆಚ್ಚು ಮಂದಿಯ ಶಿಕ್ಷೆ ಬದಲಾಯಿತು.

ಅಂತರರಾಷ್ಟ್ರೀಯ ಕಾನೂನು ಈ ಮಾತನ್ನು ಬಹಳ ಹಿಂದೆಯೇ ಹೇಳಿತ್ತು. ಯುದ್ಧಕಾಲದ ನಾಗರಿಕರ ರಕ್ಷಣೆಗಾಗಿ 1949ರಲ್ಲಿ ಆದ ಜಿನೀವಾ ಒಪ್ಪಂದದಲ್ಲಿಯೂ, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿಯೂ, 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಅಳತೆಗೋಲು ಒಂದೇ: ಅಪರಾಧ ನಡೆದಾಗ 18 ತುಂಬಿರಬೇಕು.

ಭಾರತದಲ್ಲಿ 1986ರ ಬಾಲನ್ಯಾಯ ಕಾಯ್ದೆ ಹುಡುಗರಿಗೆ 16, ಹುಡುಗಿಯರಿಗೆ 18 ಎಂದು ಗಡಿ ಹಾಕಿತ್ತು. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಆದರೆ ಅದೇ ವರ್ಷ ಸುಪ್ರೀಂ ಕೋರ್ಟ್, ಆರೋಪಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿದ ದಿನದ ವಯಸ್ಸನ್ನು ಪರಿಗಣಿಸಬೇಕೆಂದಿತು. ಪೊಲೀಸರು ತಡಮಾಡಿದರೆ ಮಗುವೊಂದು ರಕ್ಷಣೆ ಕಳೆದುಕೊಳ್ಳುವ ಈ ವ್ಯಾಖ್ಯಾನವನ್ನು 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. 2006ರ ತಿದ್ದುಪಡಿಯಂತೆ, ತಾನು ಆಗ ಬಾಲಕನಾಗಿದ್ದೆ ಎಂಬ ವಾದವನ್ನು ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಪುಣೆ ಪ್ರಕರಣದ ಕೈದಿಗೆ ಬಾಗಿಲು ತೆರೆದದ್ದು ಇದೇ. 2015ರ ಕಾಯ್ದೆ ಘೋರ ಅಪರಾಧಗಳಲ್ಲಿ 16ರಿಂದ 18ರ ನಡುವಿನವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿತಾದರೂ, ಮರಣದಂಡನೆಯ ನಿಷೇಧವನ್ನು ಸಡಿಲಿಸಲಿಲ್ಲ.

ಇರಾನ್ 1966 ಮತ್ತು 1989ರ ಎರಡೂ ಒಡಂಬಡಿಕೆಗಳನ್ನು ಅನುಮೋದಿಸಿದ ದೇಶ. ಅಲ್ಲಿನ ಕಾನೂನಿನಲ್ಲಿ ಅಪರಾಧದ ಹೊಣೆ ಹುಡುಗಿಯರಿಗೆ 9, ಹುಡುಗರಿಗೆ 15 ಚಾಂದ್ರಮಾನ ವರ್ಷಗಳಿಗೇ ಆರಂಭವಾಗುತ್ತದೆ. 2013ರ ದಂಡಸಂಹಿತೆಯ 91ನೇ ವಿಧಿ, ಆರೋಪಿಯ ಮಾನಸಿಕ ಬೆಳವಣಿಗೆಯ ಬಗ್ಗೆ ಸಂಶಯವಿದ್ದರೆ ಬೇರೆ ಶಿಕ್ಷೆ ನೀಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿದ್ದರೂ, ಬಾಲ್ಯದಲ್ಲಿ ಎಸಗಿದ ಕೃತ್ಯಕ್ಕಾಗಿ 18 ತುಂಬುವವರೆಗೆ ಸೆರೆಯಲ್ಲಿಟ್ಟು ಆಮೇಲೆ ನೇಣಿಗೇರಿಸಿದ ಪ್ರಕರಣಗಳು ನಿಂತಿಲ್ಲ.

ದಿನಾಂಕದ ಪ್ರಶ್ನೆ ಬಗೆಹರಿದ ಕಡೆಯೂ ಪುರಾವೆಯ ಪ್ರಶ್ನೆ ಉಳಿಯುತ್ತದೆ. ಭಾರತದ ಕಾನೂನು ಮೊದಲು ಶಾಲೆಯ ದಾಖಲೆಯನ್ನು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು, ಎರಡೂ ಸಿಗದಿದ್ದಾಗ ಮಾತ್ರ ಮೂಳೆಗಳ ಪರೀಕ್ಷೆಯನ್ನು ಒಪ್ಪುತ್ತದೆ. ಮೂಳೆ ಹೇಳುವ ವಯಸ್ಸು ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಗುರುತಿಸಿತ್ತು. ಹದಿನೇಳೋ ಹತ್ತೊಂಬತ್ತೋ ಎಂಬಲ್ಲಿ ಆ ಎರಡು ವರ್ಷವೇ ಒಂದು ಜೀವ. ಮಕ್ಕಳಿಗೆ ಮರಣದಂಡನೆಯನ್ನು ನಿಷೇಧಿಸುವ 1989ರ ಒಡಂಬಡಿಕೆಯ 37ನೇ ವಿಧಿಯನ್ನು ಉಲ್ಲೇಖಿಸುವವರು, ಹುಟ್ಟಿದ ಕೂಡಲೇ ಪ್ರತಿ ಮಗುವಿನ ಜನನವನ್ನು ನೋಂದಾಯಿಸಬೇಕೆನ್ನುವ ಅದರ 7ನೇ ವಿಧಿಯನ್ನೂ ಜೊತೆಗಿಟ್ಟು ಓದಬೇಕು.