ಎಡನೀರು ಮಠದ ಕೇಸಿನ ಹಿಂದಿದ್ದ ಗೌರಿಯಮ್ಮ

ಕಾನೂನು ಓದಿದವರಿಗೆಲ್ಲ ಕೇಶವಾನಂದ ಭಾರತಿ ಕೇಸು ಗೊತ್ತು. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೊಟ್ಟ ತೀರ್ಪು ಅದು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನೇ ಕೆಡಿಸುವ ಹಾಗಿಲ್ಲ ಎಂದು ಅವತ್ತು ತೀರ್ಮಾನವಾಯಿತು. ಅರ್ಜಿ ಹಾಕಿದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಯಕ್ಷಗಾನದ ದೊಡ್ಡ ಪೋಷಕರು. ಹಾಗಾಗಿ ಕನ್ನಡಿಗರು ಈ ಕೇಸನ್ನು ನಮ್ಮದೇ ಎನ್ನುವ ಹಾಗೆ ನೆನೆಯುತ್ತಾರೆ.

ಆದರೆ ಸ್ವಾಮೀಜಿ ಕೋರ್ಟಿಗೆ ಹೋಗಿದ್ದು ಯಾವ ಕಾಯ್ದೆಯ ವಿರುದ್ಧ? ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ. ಆ ಕಾಯ್ದೆಗೆ ಹಲ್ಲು ಬಂದದ್ದು 1969ರ ತಿದ್ದುಪಡಿಯಿಂದ. ಅದನ್ನು ಸದನಕ್ಕೆ ತಂದ ಕಂದಾಯ ಮಂತ್ರಿ ಒಬ್ಬ ಹೆಂಗಸು, ಕೆ.ಆರ್. ಗೌರಿಯಮ್ಮ. ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ವಾಮೀಜಿಯ ಹೆಸರು ಉಳಿದ ಹಾಗೆ ಇವರ ಹೆಸರೂ ಉಳಿಯಬೇಕಿತ್ತು, ಅಲ್ವಾ?

ಗೌರಿಯಮ್ಮ ಹುಟ್ಟಿದ್ದು 1919ರ ಜುಲೈ 14ರಂದು, ಚೇರ್ತಲ ಹತ್ತಿರದ ಪಟ್ಟಣಕ್ಕಾಡಿನಲ್ಲಿ. ತೆಂಗು, ಹಿನ್ನೀರು, ತೆಂಗಿನ ನಾರಿನ ಹಗ್ಗ ಹೊಸೆಯುವ ಕೂಲಿಗಳು ತುಂಬಿದ ಸೀಮೆ. ಈಳವ ಸಮುದಾಯದ ಮನೆ. ಕೆಲವೇ ಮೈಲಿ ದೂರದ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ಅವರ ಜನ ಸತ್ಯಾಗ್ರಹ ಹೂಡಿದಾಗ ಗೌರಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಅಂಥ ಕಾಲದಲ್ಲಿ ಈ ಹುಡುಗಿ ಕಾಲೇಜಿಗೆ ಹೋದಳು, ಕಾನೂನು ಓದಿದಳು, ವಕೀಲಿ ಶುರು ಮಾಡಿದಳು. ಅಣ್ಣ ಸುಕುಮಾರನ್ ಕಾರ್ಮಿಕ ಸಂಘದಲ್ಲಿದ್ದರು. ಆ ದಾರಿಯಲ್ಲೇ 1948ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಆಮೇಲೆ ಜೈಲು, ಪೊಲೀಸರ ಹೊಡೆತ. ಲಾಠಿಗೆ ಬಸಿರು ಮಾಡುವ ಶಕ್ತಿ ಇದ್ದಿದ್ದರೆ ನಾನು ಎಷ್ಟೋ ಲಾಠಿ ಮರಿಗಳನ್ನು ಹೆರಬೇಕಿತ್ತು ಎಂಬ ಅರ್ಥದ ಅವರ ಮಾತು ಕೇರಳದಲ್ಲಿ ಇವತ್ತಿಗೂ ಓಡಾಡುತ್ತದೆ. ಓದುವಾಗಲೇ ಮೈ ಜುಮ್ ಎನ್ನುತ್ತದೆ.

1952ರಲ್ಲಿ ತಿರುವಾಂಕೂರು-ಕೊಚ್ಚಿ ಸಭೆಗೆ ಗೆದ್ದರು. 1957ರಲ್ಲಿ ಹೊಸ ಕೇರಳ ರಾಜ್ಯದ ಮೊದಲ ಚುನಾವಣೆಯಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಬಂತು. ಹನ್ನೊಂದು ಜನರ ಆ ಮಂತ್ರಿಮಂಡಲದಲ್ಲಿ ಇದ್ದ ಒಬ್ಬಳೇ ಹೆಂಗಸು ಗೌರಿಯಮ್ಮ. ಸಿಕ್ಕಿದ್ದು ಸುಮ್ನೆ ಕೈಗಿಟ್ಟ ಖಾತೆಯಲ್ಲ, ಕಂದಾಯ. ಆ ಸರ್ಕಾರದ ಜೀವವೇ ಆ ಖಾತೆಯಲ್ಲಿತ್ತು.

ಏಪ್ರಿಲ್ 5ಕ್ಕೆ ಪ್ರಮಾಣವಚನ. ಒಂದು ವಾರ ಕಳೆಯುವ ಮೊದಲೇ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಬಂತು. ಇದು ಯಾಕೆ ಅಷ್ಟು ಅರ್ಜೆಂಟು ಎಂದು ಗೇಣಿ ಕಂಡವರಿಗೆ ಗೊತ್ತು. ಭೂಸುಧಾರಣೆ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಧಣಿಗಳು ಒಕ್ಕಲುಗಳನ್ನು ಖಾಲಿ ಮಾಡಿಸಿಬಿಡುತ್ತಾರೆ. ಕಾಯ್ದೆ ಬರುವ ಹೊತ್ತಿಗೆ ಹಕ್ಕು ಕೇಳಲು ಗೇಣಿದಾರನೇ ಇರುವುದಿಲ್ಲ. ಅದಕ್ಕೆ ಮೊದಲು ಬಾಗಿಲು ಹಾಕಿದರು, ಆಮೇಲೆ ಕಾಯ್ದೆ ಬರೆಯಲು ಕೂತರು. ಡಿಸೆಂಬರ್ ಹೊತ್ತಿಗೆ ಕೃಷಿ ಸಂಬಂಧಗಳ ಮಸೂದೆ ಸದನದಲ್ಲಿತ್ತು.

ಅದು ಪಾಸಾಗಲು ಒಂದೂವರೆ ವರ್ಷ ಬೇಕಾಯಿತು. 1959ರ ಜೂನ್ 10. ಅಷ್ಟರಲ್ಲಿ ಬೀದಿಯಲ್ಲಿ ವಿಮೋಚನಾ ಸಮರ ಎದ್ದಿತ್ತು. ಚರ್ಚು, ನಾಯರ್ ಸಂಘಟನೆ, ಕಾಂಗ್ರೆಸ್, ಮುಸ್ಲಿಂ ಲೀಗ್ ಎಲ್ಲ ಸೇರಿ ಸರ್ಕಾರದ ವಿರುದ್ಧ ನಿಂತವು. ಶಿಕ್ಷಣ ಮಸೂದೆಯ ಮೇಲೂ ಸಿಟ್ಟಿತ್ತು, ಭೂಮಿಯ ಮೇಲೂ ಇತ್ತು. ಮೆರವಣಿಗೆಗಳಲ್ಲಿ ಗೌರಿಯಮ್ಮನ ಜಾತಿ ಹಿಡಿದು ಬೈಯುವ ಘೋಷಣೆಗಳೂ ಕೇಳಿದವು. ಗಂಡಸು ಮಂತ್ರಿಗೆ ವಿರೋಧ ಮಾತ್ರ ಇತ್ತು, ಈಕೆಗೆ ವಿರೋಧದ ಜೊತೆ ಹೀಯಾಳಿಕೆಯೂ ಬಂತು. ಜುಲೈ 31ಕ್ಕೆ ಕೇಂದ್ರ ಸರ್ಕಾರ ಇ.ಎಂ.ಎಸ್. ಸರ್ಕಾರವನ್ನು ವಜಾ ಮಾಡಿತು. ರಾಷ್ಟ್ರಪತಿಗಳ ಅಂಕಿತ ಸಿಗದೆ ಮಸೂದೆ ವಾಪಸ್ ಬಂತು. ಮುಂದಿನ ಸರ್ಕಾರ ಅದನ್ನು ತಿದ್ದಿ, 1961ರಲ್ಲಿ ಕಾಯ್ದೆ ಮಾಡಿತು.

ಇಲ್ಲಿ ಕಾಸರಗೋಡು ಮೊದಲ ಸಲ ಕಥೆಯೊಳಗೆ ಬರುತ್ತದೆ. ಕಾಸರಗೋಡು ಮತ್ತು ಹೊಸದುರ್ಗ ತಾಲ್ಲೂಕುಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅಲ್ಲಿನದು ರೈತವಾರಿ ಪದ್ಧತಿ, ಅಂದರೆ ಹಿಡುವಳಿದಾರನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಪದ್ಧತಿ. ಅಲ್ಲಿನ ಜಮೀನುದಾರರು ಸುಪ್ರೀಂ ಕೋರ್ಟಿಗೆ ಹೋದರು. ಭೂಸುಧಾರಣಾ ಕಾಯ್ದೆಗಳನ್ನು ಮೂಲಭೂತ ಹಕ್ಕಿನ ಹೆಸರಲ್ಲಿ ಪ್ರಶ್ನಿಸದ ಹಾಗೆ ಸಂವಿಧಾನ ಕೊಟ್ಟ ರಕ್ಷಣೆ ರೈತವಾರಿ ಜಮೀನಿನ ಮಟ್ಟಿಗೆ ಅನ್ವಯಿಸುವುದಿಲ್ಲ ಎಂದು ಕೋರ್ಟ್ ಹೇಳಿತು. ಇನ್ನೊಂದು ಮಾತನ್ನೂ ಹೇಳಿತು. ಚಹಾ, ಕಾಫಿ, ರಬ್ಬರ್ ತೋಟಕ್ಕೆ ವಿನಾಯಿತಿ ಕೊಟ್ಟು ಅಡಿಕೆ, ಕಾಳುಮೆಣಸಿನ ತೋಟಕ್ಕೆ ಕೊಡದಿದ್ದರೆ ಅದು ಭೇದ ಮಾಡಿದ ಹಾಗೆ ಎಂದು. ಅಡಿಕೆ ತೋಟದ ಊರಿನವರಿಗೆ ಇದರ ತೂಕ ತಟ್ಟನೆ ತಿಳಿಯುತ್ತದೆ. 1961ರ ಡಿಸೆಂಬರಿನಲ್ಲಿ ಆ ಎರಡು ತಾಲ್ಲೂಕುಗಳ ರೈತವಾರಿ ಜಮೀನಿನ ಮಟ್ಟಿಗೆ ಕಾಯ್ದೆ ಬಿದ್ದುಹೋಯಿತು. ಮುಂದೆ 1964ರಲ್ಲಿ ಸಂವಿಧಾನದ 17ನೇ ತಿದ್ದುಪಡಿ ತಂದು ರೈತವಾರಿ ಜಮೀನನ್ನೂ ಆ ರಕ್ಷಣೆಯ ಒಳಗೆ ಸೇರಿಸಬೇಕಾಯಿತು. ಕೇರಳದಲ್ಲೂ ಅಷ್ಟರಲ್ಲಿ 1963ರ ಹೊಸ ಭೂಸುಧಾರಣಾ ಕಾಯ್ದೆ ಬಂದಿತ್ತು. ಅದರಲ್ಲಿ ಧಣಿಗಳಿಗೆ ಸಾಕಷ್ಟು ಸಡಿಲ ಇತ್ತು.

1964ರಲ್ಲೇ ಪಕ್ಷ ಒಡೆಯಿತು. ಅದರ ಬಿರುಕು ಗೌರಿಯಮ್ಮನ ಮನೆಯೊಳಗೂ ಹಾಯಿತು. 1957ರಲ್ಲಿ ಅವರು ಮದುವೆಯಾಗಿದ್ದು ಅದೇ ಮಂತ್ರಿಮಂಡಲದ ಟಿ.ವಿ. ಥಾಮಸ್ ಅವರನ್ನು. ಗಂಡ ಸಿಪಿಐನಲ್ಲಿ ಉಳಿದರು, ಹೆಂಡತಿ ಸಿಪಿಎಂಗೆ ಹೋದರು. 1967ರ ಸಮ್ಮಿಶ್ರ ಸರ್ಕಾರದಲ್ಲಿ ಇಬ್ಬರೂ ಮತ್ತೆ ಮಂತ್ರಿಗಳು, ಆದರೆ ಬೇರೆ ಬೇರೆ ಪಕ್ಷದಿಂದ. ಕೊನೆಗೆ ಇಬ್ಬರೂ ಬೇರೆಯಾದರು. ಈ ಭಾಗವನ್ನು ಜನ ಜಾಸ್ತಿ ಹೇಳುತ್ತಾರೆ, ಕಣ್ಣೀರಿನ ಕಥೆ ಅಂತ. ನನಗೆ ಆ ವರ್ಷಗಳಲ್ಲಿ ಅವರು ಕಂದಾಯ ಖಾತೆಯಲ್ಲಿ ಮಾಡಿದ ಕೆಲಸವೇ ದೊಡ್ಡದಾಗಿ ಕಾಣುತ್ತದೆ.

1969ರ ತಿದ್ದುಪಡಿಯಲ್ಲಿ ಅವರು ಹಳೆಯ ತೂತುಗಳನ್ನು ಮುಚ್ಚಿದರು. ಗೇಣಿ ಜಮೀನಿನ ಮೇಲೆ ಧಣಿಗಿದ್ದ ಹಕ್ಕೆಲ್ಲ 1970ರ ಜನವರಿ 1ಕ್ಕೆ ಸರ್ಕಾರಕ್ಕೆ ಸೇರುತ್ತದೆ, ಅಲ್ಲಿಂದ ಗೇಣಿದಾರನಿಗೆ. ಕುಡಿಕಿಡಪ್ಪುಕಾರರು, ಅಂದರೆ ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿ ಜನ, ಗುಡಿಸಲಿನ ಸುತ್ತಲಿನ ಜಾಗವನ್ನು ಕಡಿಮೆ ಬೆಲೆಗೆ ಪಡೆಯಬಹುದು. ಪಂಚಾಯಿತಿ ಊರಲ್ಲಿ 10 ಸೆಂಟ್ಸ್, ಪುರಸಭೆಯಲ್ಲಿ 5, ದೊಡ್ಡ ನಗರದಲ್ಲಿ 3. ಹತ್ತು ಸೆಂಟ್ಸ್ ಎಂದರೆ ಏನು ಮಹಾ ಎನ್ನಿಸಬಹುದು. ನಾಳೆ ಬೆಳಿಗ್ಗೆ ಎದ್ದು ಹೋಗು ಎಂದು ಇನ್ನು ಯಾರೂ ಹೇಳುವಂತಿಲ್ಲ ಎಂದರೆ ಏನು ಎಂಬುದು ಬೇರೆಯವರ ಜಾಗದಲ್ಲಿ ಬದುಕಿದವರಿಗೇ ಗೊತ್ತು. ನಾಲ್ಕು ತೆಂಗಿನಮರ ತಮ್ಮದಾಗುವುದು ಸಣ್ಣ ಮಾತಲ್ಲ. ಆ ಜನವರಿಯಲ್ಲಿ ಎಷ್ಟೋ ಕಡೆ ಜನ ಕಾಗದಕ್ಕೆ ಕಾಯಲಿಲ್ಲ, ತಾವೇ ಬೇಲಿ ಹಾಕಿಕೊಂಡರು.

ಬಿಲ್ ಪಾಸಾದ ಅಕ್ಟೋಬರ್ ತಿಂಗಳಲ್ಲೇ ಸಮ್ಮಿಶ್ರ ಒಡೆದು ಸರ್ಕಾರ ಬಿತ್ತು. 1959ರಲ್ಲಿ ಆದದ್ದೇ ಮತ್ತೆ. ಎರಡು ಸಲವೂ ಗೌರಿಯಮ್ಮ ಕಾಯ್ದೆ ಕಟ್ಟಿದರು, ಎರಡು ಸಲವೂ ಜಾರಿ ಮಾಡುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರು. ಸಿಪಿಐನ ಅಚ್ಯುತ ಮೆನನ್ ಸರ್ಕಾರ ಅದನ್ನು ಜಾರಿಗೆ ತಂದಿತು. ಕೀರ್ತಿ ಯಾರಿಗೆ ಎಂದು ಎರಡು ಪಕ್ಷಗಳೂ ಇವತ್ತಿಗೂ ಜಗಳ ಆಡುತ್ತವೆ.

ಎಡನೀರು ಮಠದ ಅರ್ಜಿ ಹೋಗಿದ್ದು ಆ ಜನವರಿ ಕಳೆದ ಮೇಲೆ, ಮಾರ್ಚ್ 1970ರಲ್ಲಿ. ಮಠದ ಜಮೀನೂ ಕಾಯ್ದೆಯಡಿ ಹೋಗುವುದಿತ್ತು. ಕೇಸು ಸಂವಿಧಾನದ ದೊಡ್ಡ ಪ್ರಶ್ನೆಯಾಗಿ ಬೆಳೆಯಿತು, 68 ದಿನ ವಾದ ನಡೆಯಿತು. ದೇಶಕ್ಕೆ ಅದರಿಂದ ಸಿಕ್ಕಿದ್ದು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಭೂಮಿಯ ವಿಷಯದಲ್ಲಿ ನಿಂತಿದ್ದು ಗೌರಿಯಮ್ಮನ ಕಾಯ್ದೆ. ನಮ್ಮಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಬಂದದ್ದು ಆ ತೀರ್ಪು ಬಂದು ಒಂದು ವರ್ಷದೊಳಗೆ, 1974ರ ಮಾರ್ಚ್ 1ರಿಂದ. ಕರಾವಳಿಯ ಹಳಬರು ಈಗಲೂ 'ಡಿಕ್ಲರೇಷನ್‌ನಲ್ಲಿ ಬಂದ ಜಾಗ' ಎನ್ನುತ್ತಾರಲ್ಲ, ಗೇಣಿದಾರರು ಅರ್ಜಿ ಕೊಟ್ಟು ಪಡೆದ ಆ ಜಾಗ ಆಗಿನದು.

ಕೇರಳದ ಕಾಯ್ದೆಯಲ್ಲೂ ಕೊರತೆ ಇತ್ತು. ದೊಡ್ಡ ಎಸ್ಟೇಟುಗಳು ಮಿತಿಯ ಹೊರಗೆ ಉಳಿದವು. ದಲಿತರಿಗೆ ಹೆಚ್ಚಾಗಿ ಸಿಕ್ಕಿದ್ದು ಗುಡಿಸಲಿನ ಜಾಗ ಮಾತ್ರ, ಉಳುವ ಹೊಲವಲ್ಲ. ಆದಿವಾಸಿಗಳ ಕೈತಪ್ಪಿದ ಭೂಮಿಯನ್ನು ವಾಪಸ್ ಕೊಡಿಸಲು 1975ರಲ್ಲಿ ಬೇರೆ ಕಾಯ್ದೆ ಬಂತು, ಅದು ಕಾಗದದಲ್ಲೇ ಕೂತಿತು. 1996ರಲ್ಲಿ ಆ ಕಾಯ್ದೆಯನ್ನೇ ಸಡಿಲ ಮಾಡುವ ತಿದ್ದುಪಡಿ ಸದನಕ್ಕೆ ಬಂದಾಗ ಆಡಳಿತ ಪಕ್ಷ, ವಿರೋಧ ಪಕ್ಷ ಒಂದಾದವು. 140 ಸ್ಥಾನಗಳ ಸಭೆಯಲ್ಲಿ ಬೇಡ ಎಂದದ್ದು ಒಬ್ಬರೇ, 77 ವರ್ಷದ ಗೌರಿಯಮ್ಮ. ಅವರ ಇಡೀ ಬದುಕಿನಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಅದು. 1957ರಲ್ಲಿ ಅವರ ಹಿಂದೆ ಪಕ್ಷ ಇತ್ತು, ಜನ ಇದ್ದರು. ಅವತ್ತು ಯಾರೂ ಇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಪಕ್ಷ ಅವರನ್ನು ಹೊರಗೆ ಹಾಕಿತ್ತು. ಅದರ ಬೀಜ 1987ರಲ್ಲಿದೆ. ತೆಂಗು ತುಂಬಿದ ಕೇರಳ ನಾಡನ್ನು ಕೆ.ಆರ್. ಗೌರಿ ಆಳುತ್ತಾರೆ ಎಂಬ ಪ್ರಾಸದ ಘೋಷಣೆ ಆ ಚುನಾವಣೆಯಲ್ಲಿ ಊರೂರಲ್ಲಿ ಮೊಳಗಿತು. ಎಡರಂಗ ಗೆದ್ದಿತು. ಮುಖ್ಯಮಂತ್ರಿ ಆದದ್ದು ಇ.ಕೆ. ನಾಯನಾರ್. ಗೌರಿಯಮ್ಮ ಕೈಗಾರಿಕಾ ಮಂತ್ರಿಯಾದರು. ತಿರುವನಂತಪುರದ ಟೆಕ್ನೋಪಾರ್ಕ್ ಶುರುವಾದದ್ದು ಅವರು ಆ ಖಾತೆಯಲ್ಲಿದ್ದಾಗ. ಆದರೆ ಮನಸ್ತಾಪ ಬೆಳೆಯುತ್ತಲೇ ಹೋಯಿತು, 1994ರ ಹೊಸ ವರ್ಷದ ಹೊತ್ತಿಗೆ ಉಚ್ಚಾಟನೆಯಾಯಿತು. 75ನೇ ವಯಸ್ಸಿನ ಹೊಸ್ತಿಲಲ್ಲಿ ಜನಾಧಿಪತ್ಯ ಸಂರಕ್ಷಣ ಸಮಿತಿ (ಜೆಎಸ್‌ಎಸ್) ಎಂಬ ಸ್ವಂತ ಪಕ್ಷ ಕಟ್ಟಿ, ಅರೂರ್ ಕ್ಷೇತ್ರದಿಂದ ಮತ್ತೆರಡು ಸಲ ಗೆದ್ದರು. ಜೀವಮಾನವಿಡೀ ಎದುರಿಸಿದ ಕಾಂಗ್ರೆಸ್ ಜೊತೆ ಸೇರಿ ಎ.ಕೆ. ಆಂಟನಿ, ಉಮ್ಮನ್ ಚಾಂಡಿ ಸರ್ಕಾರಗಳಲ್ಲಿ ಮಂತ್ರಿಯಾದರು. ಆ ನಡೆ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಅವರನ್ನು ಅಲ್ಲಿಗೆ ದೂಡಿದವರನ್ನು ಬಿಟ್ಟು ಅವರನ್ನು ಮಾತ್ರ ದೂರುವುದೂ ಸರಿಯಲ್ಲ. 2006ರಲ್ಲಿ ಅರೂರಿನಲ್ಲೇ ಸೋತರು.

2021ರ ಮೇ 11ರಂದು, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಆಲಪ್ಪುಳದ ವಲಿಯ ಚುಡುಕಾಡು ಎಂಬ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆಯಿತು. ಅದಾಗಿ ಒಂದೇ ವಾರಕ್ಕೆ ಕೇರಳದ ಹೊಸ ಮಂತ್ರಿಮಂಡಲದ ಪಟ್ಟಿ ಬಂತು. ನಿಫಾ, ಕೋವಿಡ್ ಕಾಲದಲ್ಲಿ ಆರೋಗ್ಯ ಖಾತೆ ನೋಡಿಕೊಂಡು, ಮಟ್ಟನ್ನೂರಿನಲ್ಲಿ 60,000ಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದಿದ್ದ ಕೆ.ಕೆ. ಶೈಲಜಾ ಅವರ ಹೆಸರು ಅದರಲ್ಲಿ ಇರಲಿಲ್ಲ. ಅವತ್ತು ಕೇರಳದಲ್ಲಿ ಎಲ್ಲರ ಬಾಯಲ್ಲೂ ಮತ್ತೆ ಗೌರಿಯಮ್ಮನ ಹೆಸರು ಬಂತು.