ಅರ್ಧ ಖಾಲಿ ಇದ್ದರೇ ಸರಿ: ವಾಚಿನ ಬ್ಯಾರಲ್ ಬೆಳೆದು ಬಂದ ಕಥೆ

ಎಚ್‌ಎಂಟಿ ಜನತಾದಂಥ ವಾಚಿಗೆ ಕೀ ಕೊಟ್ಟವರಿಗೆಲ್ಲ ಬೆರಳಿಗೆ ಸಿಗುವ ಆ ಕೊನೆಯ ಬಿಗಿ ಗೊತ್ತು. ‘ಸಾಕು, ಇನ್ನು ತಿರುಗಿಸಬೇಡ’ ಎಂದು ಮನೆಯಲ್ಲಿ ಯಾರಾದರೂ ಗದರಿಯೂ ಇರುತ್ತಾರೆ. ಆ ಬಿಗಿ ಹುಟ್ಟುವುದು ಬ್ಯಾರಲ್ ಎಂಬ ಹಿತ್ತಾಳೆಯ ಪುಟ್ಟ ಡಬ್ಬಿಯೊಳಗೆ. ಅದರ ಅಂಚಿನ ಸುತ್ತ ಹಲ್ಲು, ಒಳಗೆ ಸುರುಳಿ ಸುತ್ತಿದ ಮೇನ್‌ಸ್ಪ್ರಿಂಗ್, ನಡುವೆ ಆರ್ಬರ್ ಎಂಬ ಉಕ್ಕಿನ ಅಚ್ಚು. ಸ್ಪ್ರಿಂಗಿನ ಒಳತುದಿ ಅಚ್ಚಿನ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ, ಹೊರತುದಿ ಡಬ್ಬಿಯ ಗೋಡೆಗೆ. ಇಷ್ಟು ಸರಳವಾದದ್ದು ಈ ರೂಪಕ್ಕೆ ಬರಲು ಮುನ್ನೂರು ವರ್ಷ ಹಿಡಿಯಿತು.

15ನೇ ಶತಮಾನದ ಯುರೋಪಿನಲ್ಲಿ ತೂಗುಗುಂಡಿನ ಬದಲು ಸ್ಪ್ರಿಂಗ್ ಹಾಕಿದ ಗಡಿಯಾರಗಳು ಬಂದಾಗಲೇ ತೊಂದರೆಯೂ ಶುರುವಾಯಿತು. ಗುಂಡು ಬೆಳಿಗ್ಗೆ ಎಷ್ಟು ಎಳೆಯುತ್ತದೋ ಸಂಜೆಯೂ ಅಷ್ಟೇ ಎಳೆಯುತ್ತದೆ. ಸ್ಪ್ರಿಂಗ್ ಹಾಗಲ್ಲ. ಪೂರ್ತಿ ಸುತ್ತಿದಾಗ ಅದಕ್ಕೆ ಎಲ್ಲಿಲ್ಲದ ಜೋರು, ಬಿಚ್ಚಿಕೊಳ್ಳುತ್ತಾ ಹೋದಂತೆ ಸೋಲುತ್ತದೆ. ಚಕ್ರಗಳನ್ನು ಒಂದೊಂದೇ ಹಲ್ಲಿನಷ್ಟು ಬಿಟ್ಟು ತಡೆಯುವ ಏರ್ಪಾಡೇ ಎಸ್ಕೇಪ್‌ಮೆಂಟ್; ಆಗ ಇದ್ದ ವರ್ಜ್ ಎಂಬ ಬಗೆಗೆ ಇದು ತೀರಾ ಕೆಟ್ಟ ಜೋಡಿ: ಬಲ ಹೆಚ್ಚಾದರೆ ಗಡಿಯಾರ ಮುಂದೆ ಓಡುತ್ತಿತ್ತು, ಕಡಿಮೆಯಾದರೆ ಹಿಂದೆ ಬೀಳುತ್ತಿತ್ತು.

ಇದಕ್ಕೆ ಸಿಕ್ಕ ಪರಿಹಾರ ಫ್ಯೂಸೀ, ಶಂಕುವಿನ ಆಕಾರದ ರಾಟೆ. ಡಬ್ಬಿಗೂ ರಾಟೆಗೂ ನಡುವೆ ಮೊದಲು ಪ್ರಾಣಿಯ ಕರುಳಿನ ದಾರ, ಆಮೇಲೆ ಸಣ್ಣ ಸರಪಳಿ. ಸ್ಪ್ರಿಂಗ್ ಜೋರಾಗಿದ್ದಾಗ ಸರಪಳಿ ರಾಟೆಯ ಸಣ್ಣ ಭಾಗವನ್ನು ಎಳೆಯುತ್ತದೆ, ಸೋತಾಗ ದಪ್ಪ ಭಾಗವನ್ನು. ಕೊನೆಗೆ ಚಕ್ರಗಳಿಗೆ ಸೇರುವ ಬಲ ಹೆಚ್ಚೂ ಕಡಿಮೆ ಒಂದೇ. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಊರಿನಲ್ಲಿ ಹೆಂಗಸರು, ಮಕ್ಕಳು ಕಣ್ಣಿಗೆ ಕಾಣದಷ್ಟು ಸಣ್ಣ ಕೊಂಡಿಗಳನ್ನು ಕೈಯಲ್ಲೇ ಜೋಡಿಸಿ ಈ ಸರಪಳಿ ಮಾಡುತ್ತಿದ್ದರು. ಅವರ ಕಣ್ಣಿನ ಪಾಡು ಏನಾಗಿರಬೇಡ! ಫ್ಯೂಸೀಗೆ ಇನ್ನೊಂದು ಕಾಟವಿತ್ತು. ಕೀ ಕೊಡುವಾಗ ಚಕ್ರಗಳಿಗೆ ಬಲ ತಪ್ಪುತ್ತಿತ್ತು, ಅದಕ್ಕೆಂದೇ ಬೇರೊಂದು ಏರ್ಪಾಡು ಬೇಕಾಗುತ್ತಿತ್ತು. ಮೇಲಾಗಿ ವಾಚು ದಪ್ಪ.

1760ರ ದಶಕದಲ್ಲಿ ಪ್ಯಾರಿಸ್ಸಿನ ಜ್ಯಾನ್-ಆಂತ್ವಾನ್ ಲೆಪೀನ್ ರಾಟೆ, ಸರಪಳಿ ಎರಡನ್ನೂ ಕಿತ್ತುಹಾಕಿ, ಡಬ್ಬಿಯ ಅಂಚಿಗೇ ಹಲ್ಲು ಕೊಟ್ಟು ಚಕ್ರಸಾಲಿಗೆ ನೇರವಾಗಿ ಜೋಡಿಸಿದ. ಕೀ ಕೊಡುವಾಗ ತಿರುಗುವುದು ಅಚ್ಚು, ವಾಚು ನಡೆಯುವಾಗ ತಿರುಗುವುದು ಡಬ್ಬಿ. ಹಾಗಾಗಿ ಒಂದಕ್ಕೊಂದು ಅಡ್ಡಿಯಿಲ್ಲ. ಬಲದ ಏರಿಳಿತವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಎಸ್ಕೇಪ್‌ಮೆಂಟುಗಳೂ ಅಷ್ಟರಲ್ಲಿ ಬಂದಿದ್ದವು. ಸ್ವಿಸ್ಸರು, ಮುಂದೆ ಅಮೆರಿಕನ್ನರು ಇದನ್ನೇ ಹಿಡಿದರು. ಇಂಗ್ಲಿಷರು ಮಾತ್ರ 19ನೇ ಶತಮಾನದ ಕೊನೆಯವರೆಗೂ ಫ್ಯೂಸೀ ಬಿಡಲಿಲ್ಲ. ಅವರ ವಾಚು ಉದ್ಯಮ ಮುಳುಗಲು ಈ ಹಟವೂ ಒಂದು ಕಾರಣ ಎಂದೇ ನನ್ನ ಅನಿಸಿಕೆ.

ರಾಟೆ ಹೋದ ಮೇಲೆ ಸಮಬಲದ ಹೊಣೆ ಡಬ್ಬಿಯ ಅಳತೆಯ ಮೇಲೆ ಬಿತ್ತು. ಉದ್ದನೆಯ ಸ್ಪ್ರಿಂಗ್ ತುಂಬಿದರೆ ವಾಚು ಹೆಚ್ಚು ಹೊತ್ತು ನಡೆಯುತ್ತದೆ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಡಬ್ಬಿ ತುಂಬಿಹೋದರೆ ಸ್ಪ್ರಿಂಗ್ ಬಿಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಅಚ್ಚು ಮತ್ತು ಗೋಡೆಯ ನಡುವಿನ ಜಾಗದಲ್ಲಿ ಸ್ಪ್ರಿಂಗ್ ಸರಿಯಾಗಿ ಅರ್ಧವನ್ನು ಹಿಡಿದಾಗಲೇ ಅತಿ ಹೆಚ್ಚು ಸುತ್ತು ಸಿಗುವುದು. ಅಚ್ಚಿನ ವ್ಯಾಸ ಡಬ್ಬಿಯ ಒಳವ್ಯಾಸದ ಮೂರನೇ ಒಂದು ಪಾಲು ಇರಬೇಕೆಂಬುದು ಹಳೆಯ ಲೆಕ್ಕ. ಅದಕ್ಕಿಂತ ಸಣ್ಣದಾದರೆ ಸ್ಪ್ರಿಂಗ್ ಬಿಗಿಯಾಗಿ ಬಾಗಿ ಮುರಿಯುತ್ತದೆ.

ಒಳವ್ಯಾಸ 10 ಮಿ.ಮೀ., ಸ್ಪ್ರಿಂಗಿನ ದಪ್ಪ 0.1 ಮಿ.ಮೀ. ಎಂದಿಟ್ಟುಕೊಳ್ಳಿ. ಈ ನಿಯಮದಂತೆ ಹಿಡಿಸುವ ಸ್ಪ್ರಿಂಗಿನ ಉದ್ದ ಸುಮಾರು 35 ಸೆಂ.ಮೀ., ಸಿಗುವ ಸುತ್ತು ಹತ್ತಿರಹತ್ತಿರ 8. ಡಬ್ಬಿಗೆ 72 ಹಲ್ಲು, ಗಂಟೆಗೊಮ್ಮೆ ತಿರುಗುವ ನಡುಚಕ್ರದ ಪಿನಿಯನ್ನಿಗೆ (ಅದರ ಅಚ್ಚಿನ ಮೇಲಿನ ಪುಟ್ಟ ಹಲ್ಲುಚಕ್ರಕ್ಕೆ) 12 ಹಲ್ಲು ಇದ್ದರೆ ಡಬ್ಬಿ 6 ಗಂಟೆಗೊಂದು ಸುತ್ತು ಹಾಕುತ್ತದೆ. ಅಲ್ಲಿಗೆ ಕಾಗದದ ಮೇಲೆ 48 ಗಂಟೆ. ಕೊನೆಯ ಸುತ್ತುಗಳಲ್ಲಿ ಕಸುವಿರುವುದಿಲ್ಲವಾದ್ದರಿಂದ ವಾಚು ಅದಕ್ಕೂ ಮೊದಲೇ ನಿಲ್ಲುತ್ತದೆ. ಹಳೆಯ ಒಳ್ಳೆಯ ಜೇಬುಗಡಿಯಾರಗಳಲ್ಲಿ ಡಬ್ಬಿಯ ಮೇಲೆ ಶಿಲುಬೆಯಂಥ ಪುಟ್ಟ ಬಿಲ್ಲೆ ಇರುತ್ತಿತ್ತು. ತೀರಾ ಜೋರಿನ ಮೊದಲ ಸುತ್ತು, ತೀರಾ ಸೋತ ಕೊನೆಯ ಸುತ್ತು ಎರಡನ್ನೂ ತಡೆದು ನಡುವಿನದನ್ನಷ್ಟೇ ಬಳಸುವುದು ಅದರ ಕೆಲಸ.

ಡಬ್ಬಿ ಮಾಡುವುದರಲ್ಲಿ ನಾಜೂಕು ಇರುವುದು ಅಚ್ಚು ಕೂರುವ ತೂತಿನಲ್ಲಿ. ಹಿತ್ತಾಳೆ ಸರಳನ್ನು ಲೇತಿಗೆ ಕೊಟ್ಟು ಒಳಗುಳಿ ತೆಗೆಯುತ್ತಾರೆ, ಅಂಚಿಗೆ ಹಲ್ಲು ಕತ್ತರಿಸುತ್ತಾರೆ, ಮುಚ್ಚಳವನ್ನು ಅದರ ತೋಡಿಗೆ ಒತ್ತಿ ಕೂರಿಸುತ್ತಾರೆ. ಡಬ್ಬಿಯ ತೂತೂ ಮುಚ್ಚಳದ ತೂತೂ ಒಂದೇ ನೇರಕ್ಕೆ ಬರಬೇಕು. ಕೂದಲೆಳೆ ತಪ್ಪಿದರೂ ಡಬ್ಬಿ ಓಲಾಡಿ ಹಲ್ಲಿನ ಹಿಡಿತ ಹೆಚ್ಚುಕಮ್ಮಿಯಾಗುತ್ತದೆ. ಅಚ್ಚಿನ ಮೇಲೆ ಡಬ್ಬಿ ಮೇಲೆ-ಕೆಳಗೆ ಒಂಚೂರು ಅಲುಗುವಷ್ಟು ಸಡಿಲ ಬಿಡಬೇಕು, ಇಲ್ಲದಿದ್ದರೆ ಬಿಗಿದು ನಿಲ್ಲುತ್ತದೆ. ಸ್ಪ್ರಿಂಗನ್ನು ವೈಂಡರ್ ಎಂಬ ಉಪಕರಣದಲ್ಲಿ ಸುತ್ತಿ ಒಳಕ್ಕೆ ತಳ್ಳುವುದು ಕ್ರಮ. ಬೆರಳಲ್ಲೇ ತುರುಕಿದರೆ ಅದು ಒಂದು ಬದಿಗೆ ಎದ್ದು, ಮುಚ್ಚಳಕ್ಕೆ ಉಜ್ಜುತ್ತದೆ.

ಹಳೆಯ ನೀಲಿ ಉಕ್ಕಿನ ಸ್ಪ್ರಿಂಗುಗಳಿಗೆ ತುಕ್ಕು ಹಿಡಿಯುತ್ತಿತ್ತು, ದಿನ ಕಳೆದಂತೆ ಕಸುವು ಇಳಿಯುತ್ತಿತ್ತು, ಒಮ್ಮೊಮ್ಮೆ ಇದ್ದಕ್ಕಿದ್ದಂತೆ ತುಂಡಾಗುತ್ತಿದ್ದವು. ತುಂಡಾದಾಗ ಡಬ್ಬಿ ಹಿಮ್ಮುಖವಾಗಿ ಒದ್ದು ಪಿನಿಯನ್ನಿನ ಹಲ್ಲು ಮುರಿಯುತ್ತಿತ್ತು. ಅಂಥ ಒದೆ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳುವ ತಿರುಪಿನ ಪಿನಿಯನ್ನನ್ನು ಅಮೆರಿಕದ ವಾಲ್ಥಮ್ ಕಂಪನಿ ತನ್ನ ವಾಚುಗಳಲ್ಲಿ ಬಳಸಿತು. ಎರಡನೇ ಮಹಾಯುದ್ಧದ ನಂತರ ಕೋಬಾಲ್ಟ್, ನಿಕ್ಕಲ್, ಕ್ರೋಮಿಯಂ ಬೆರೆಸಿದ, ತುಕ್ಕು ಹಿಡಿಯದ ಸ್ಪ್ರಿಂಗುಗಳು ಹಬ್ಬಿದವು. ಅಮೆರಿಕದಲ್ಲಿ ಎಲ್ಜಿಲಾಯ್, ಸ್ವಿಟ್ಜರ್ಲೆಂಡಿನಲ್ಲಿ ನಿವಾಫ್ಲೆಕ್ಸ್. ಹೊರಗಿಟ್ಟಾಗ ಎಸ್ ಆಕಾರದಲ್ಲಿ ಹಿಮ್ಮುಖ ಬಾಗುವಂತೆ ಇವನ್ನು ತಯಾರಿಸುವುದರಿಂದ ಬಲವೂ ಮೊದಲಿಗಿಂತ ಸಮವಾಗಿ ಸಿಗುತ್ತದೆ.

ಆಟೊಮ್ಯಾಟಿಕ್ ವಾಚಿನಲ್ಲಿ ಆ ಕೊನೆಯ ಬಿಗಿ ಸಿಗುವುದೇ ಇಲ್ಲ. ಕೈ ಆಡಿದಷ್ಟೂ ಸುತ್ತು ಏರುತ್ತಲೇ ಇರುವುದರಿಂದ ಹೊರತುದಿಗೆ ಕೊಕ್ಕೆಯ ಬದಲು ಗೋಡೆಗೆ ಒತ್ತಿ ನಿಲ್ಲುವ ಪಟ್ಟಿ ಇರುತ್ತದೆ. ಮಿತಿ ಮೀರಿದರೆ ಅದು ಗೋಡೆಗುಂಟ ಜಾರುತ್ತದೆ. ಈ ಜಾರುವ ಸ್ಪ್ರಿಂಗಿಗೆ ವಾಚು ತಯಾರಕ ಆಡ್ರಿಯನ್ ಫಿಲಿಪ್ ಪೇಟೆಂಟ್ ಪಡೆದದ್ದು 1863ರಲ್ಲೇ, ಆಟೊಮ್ಯಾಟಿಕ್ ಕೈಗಡಿಯಾರಗಳು ಬರುವುದಕ್ಕೆ ಎಷ್ಟೋ ಮೊದಲು. ಗೋಡೆಗೆ ಸವರುವ ಗ್ರೀಸೂ ಬೇರೆಯದೇ, ಜಾರಿಸುವುದಕ್ಕಿಂತ ಹಿಡಿದಿಡುವಂಥದ್ದು. ಮಾಮೂಲಿ ಎಣ್ಣೆ ಹಾಕಿದರೆ ಸ್ಪ್ರಿಂಗ್ ಬೇಗ ಜಾರಿ, ವಾಚು ರಾತ್ರಿ ಕಳೆಯುವುದರೊಳಗೆ ನಿಂತಿರುತ್ತದೆ. ರಿಪೇರಿಗೆ ಹೋಗಿ ಬಂದ ಆಟೊಮ್ಯಾಟಿಕ್ ಹೀಗೆ ಮಾಡಿದರೆ ಮೊದಲು ಅನುಮಾನಿಸಬೇಕಾದ್ದು ಅಲ್ಲಿ.

ಭಾರತದಲ್ಲಿ ಬಹಳ ಮಂದಿ ಕೈಗೆ ಕಟ್ಟಿಕೊಂಡ ವಾಚುಗಳ ಕಂಪನಿ ಫಾವ್ರ್-ಲೂಬಾ, 1960ರ ದಶಕದಲ್ಲಿ ಎರಡು ಬ್ಯಾರಲ್ ಜೋಡಿಸಿ, ವಾಚು ದಪ್ಪವಾಗದಂತೆ ಹೆಚ್ಚು ಹೊತ್ತು ನಡೆಸುವ ದಾರಿ ಹಿಡಿದಿತ್ತು. ಪವರ್‌ಮ್ಯಾಟಿಕ್ 80 ಎಂಬ ಸ್ವಿಸ್ ವಾಚುಯಂತ್ರ ಹಿಡಿದದ್ದು ಬೇರೆ ದಾರಿ: ಅಚ್ಚನ್ನೇ ಸಣ್ಣದು ಮಾಡಿ ಉದ್ದನೆಯ ಸ್ಪ್ರಿಂಗ್ ತುಂಬಿದರು. ಹಳೆಯ ಉಕ್ಕಾಗಿದ್ದರೆ ಅಷ್ಟು ಬಿಗಿ ಬಾಗಿಗೆ ಮುರಿದೇ ಹೋಗುತ್ತಿತ್ತು. ಜಾಹೀರಾತಿನ ಆ 80 ಗಂಟೆಗಳ ಪೂರ್ತಿ ಶ್ರೇಯ ಮಾತ್ರ ಡಬ್ಬಿಗೆ ಸಲ್ಲುವುದಿಲ್ಲ. ಗಂಟೆಗೆ 28,800 ಇದ್ದ ಬಡಿತವನ್ನು 21,600ಕ್ಕೆ ಇಳಿಸಿ ಸ್ಪ್ರಿಂಗಿನ ಕಸುವಿನ ಖರ್ಚನ್ನೂ ತಗ್ಗಿಸಿದ್ದಾರೆ.